ಖೋ–ಖೋ ಅಭಿಮಾನ ಮೀಮಾಂಸೆ: ಭೋಜ ಸೀಮೆಯನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಮುಖಾಮುಖಿ

ಪ್ರಸ್ತುತ ಸಂಪ್ರಬಂಧವು ದೇಶ ದೇಶಗಳ ತಂಡಗಳು ಸೆಣಸುವ ಪಂದ್ಯವನ್ನು ‘ಪಠ್ಯ’ವೆಂದೂ, ಅದನ್ನು ಮೊಬೈಲಿನಲ್ಲಿ ನೋಡುತ್ತ ಕಿರುಚುವವನನ್ನು ‘ಓದುಗ’ನೆಂದೂ ಪರಿಭಾವಿಸುತ್ತದೆ. ಕಿರುಚಾಟವು ‘ಸಂಕಥನ’. ಚಹಾದಂಗಡಿಯು ‘ಸಾರ್ವಜನಿಕ ವಲಯ’. ಚಹಾದ ಉದ್ರಿ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ದೇಸಿ ಕ್ರೀಡೆಯ ಕುರಿತ ವಿಚಾರ ಸಂಕಿರಣವೊಂದರಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಕುಳಿತು, ಆಟ ಆಡಿದ ಒಬ್ಬರನ್ನೂ ವೇದಿಕೆಯ ಮೇಲೆ ಕಾಣದೆ ಎದ್ದು ಬಂದಾಗ ಈ ಪರಿಭಾಷೆ ನನಗೆ ಸಿದ್ಧಿಸಿತು.

ಅಧ್ಯಯನ ಕ್ಷೇತ್ರ: ನಿಪ್ಪಾಣಿ ತಾಲ್ಲೂಕಿನ ಭೋಜ. ದೂಧಗಂಗಾ, ವೇದಗಂಗಾ ಎರಡೂ ಹೊಳೆಗಳ ಮಗ್ಗುಲಿನ ಊರು. ಆಚಾರ್ಯ ಶಾಂತಿಸಾಗರರ ಊರೆಂದು ಜೈನ ಲೋಕಕ್ಕೆಲ್ಲ ಗೊತ್ತು; ‘ಕಾರದಗಾ–ಭೋಜ ಸೇತುವೆ ಜಲಾವೃತ’ ಎಂಬ ಮಳೆಗಾಲದ ಸುದ್ದಿಯಿಂದ ಉಳಿದವರಿಗೆ ಗೊತ್ತು. ಕಾರದಗಾ ಹಿಂದೆ ಹಾಕಿದರೆ ಮಹಾರಾಷ್ಟ್ರ. ಇಲ್ಲಿಯವರು ಕನ್ನಡದಲ್ಲಿ ಜಗಳ ತೆಗೆದು ಮರಾಠಿಯಲ್ಲಿ ಮುಗಿಸಬಲ್ಲರು. ಇದಕ್ಕೆ ಪಂಡಿತರು ‘ಗಡಿನಾಡಿನ ದ್ವಿಸ್ತರ ಅಸ್ಮಿತೆ’ ಎನ್ನುತ್ತಾರೆ. ಊರವರು ಏನೂ ಅನ್ನುವುದಿಲ್ಲ. ಅವರಿಗೆ ಕಬ್ಬು ಕಳಿಸುವ ಗಡಿಬಿಡಿ.

ಅಭಿಮಾನಿಯು ಕರ್ಮದಂತೆಯೇ ತ್ರಿವಿಧ: ನಿತ್ಯ, ನೈಮಿತ್ತಿಕ, ಕಾಮ್ಯ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ–ಖೋ ವಿಶ್ವಕಪ್ಪಿನಲ್ಲಿ ನಮ್ಮ ಹುಡುಗಿಯರು ದಕ್ಷಿಣ ಕೊರಿಯಾವನ್ನು 175–18ರಿಂದ ಬಡಿಯುತ್ತಿದ್ದಾಗಲೂ ಕೊನೆಯ ನಿಮಿಷದವರೆಗೆ ಉಗುರು ಕಡಿಯುತ್ತಿದ್ದವನು ನಿತ್ಯಾಭಿಮಾನಿ. ಫೈನಲ್ ದಿನ ಹುಟ್ಟಿ, ಮರುದಿನ ವಾಟ್ಸ್ಆ್ಯಪ್ ಸ್ಟೇಟಸ್ಸಿನೊಂದಿಗೇ ಅಳಿಯುವವನು ನೈಮಿತ್ತಿಕ. ಫಲಾಪೇಕ್ಷೆಯಿಂದ ಹಾರ ಹಿಡಿದು, ಗೆದ್ದವರ ಪಕ್ಕ ಫೋಟೊಕ್ಕೆ ನಿಲ್ಲುವವನು ಕಾಮ್ಯಾಭಿಮಾನಿ. ಈತ ಬಹುಪಾಲು ಯಾವುದಾದರೊಂದು ಹುದ್ದೆಯಲ್ಲಿರುತ್ತಾನೆ. ಇವನ ಉಪಭೇದಗಳನ್ನು ಹಾರದ ದಪ್ಪವನ್ನು ಅನುಸರಿಸಿ ವಿಂಗಡಿಸಲು ಹೊರಟಿದ್ದೆ. ಬಿಡಿ. ವರ್ಗೀಕರಣದಿಂದ ಈವರೆಗೆ ಯಾವ ಹುಡುಗಿಗೂ ಒಂದು ಜೋಡಿ ಬೂಟು ಸಿಕ್ಕಿದ್ದಿಲ್ಲ.

ತೌಲನಿಕ ವಿಧಾನವಿಲ್ಲದೆ ಸಂಪ್ರಬಂಧ ಪಾಸಾಗದು. ಆದಕಾರಣ ಬೇಸ್‌ಬಾಲ್. 2023ರ ಮಾರ್ಚ್ 21, ಮಯಾಮಿ, ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಫೈನಲ್. ಜಪಾನ್ 3–2ರಿಂದ ಮುಂದಿತ್ತು. ಚೆಂಡು ಶೊಹೈ ಒಟಾನಿ ಕೈಯಲ್ಲಿ, ದಾಂಡು ಅಮೆರಿಕದ ಮೈಕ್ ಟ್ರೌಟ್ ಕೈಯಲ್ಲಿ. ಇಬ್ಬರೂ ಆಗ ಲಾಸ್ ಏಂಜಲೀಸ್ ಏಂಜಲ್ಸ್ ಕ್ಲಬ್ಬಿನ ಒಡನಾಡಿಗಳು. ಒಟಾನಿ ಟ್ರೌಟ್‌ನನ್ನು ಔಟ್ ಮಾಡಿದ, ಜಪಾನ್ ಗೆದ್ದಿತು. ಒಂದೇ ತಂಡದವರನ್ನು ದೇಶವು ಎದುರುಬದುರು ನಿಲ್ಲಿಸಿತು ಎಂಬುದು ಅಲ್ಲಿಯ ‘ರಾಷ್ಟ್ರೀಯ ಅನನ್ಯತೆಯ ಬಿಕ್ಕಟ್ಟು’. ನಮ್ಮ ಬಿಕ್ಕಟ್ಟು ಇದರ ತಲೆಕೆಳಗು. ಇಲ್ಲಿ ದೇಶ ಎಲ್ಲರಿಗೂ ಒಂದೇ ಅಂಗಿ ತೊಡಿಸಿ ಆಡಿಸಿತು. ಕಪ್ ಬಂದ ಮೇಲೆ ಬೇರೆ ಮಾಡಿದವು ರಾಜ್ಯಗಳು.

ಈಗ ಮೂಲ ಪಠ್ಯ. 2025ರ ಜನವರಿ 19, ಭಾನುವಾರ, ನೇಪಾಳದ ವಿರುದ್ಧ ಹುಡುಗಿಯರ ಫೈನಲ್. ಅಟ್ಟುವವಳು ಒಮ್ಮೆ ಹಿಡಿದ ದಿಕ್ಕು ಬಿಡುವಂತಿಲ್ಲ, ಕುಳಿತವರ ನಡುವೆ ನುಸುಳುವಂತಿಲ್ಲ. ವಜೀರ್‌ ಎಂಬ ಆಟಗಾರ್ತಿಗೆ ಮಾತ್ರ ದಿಕ್ಕಿನ ರಿಯಾಯಿತಿ. ಅಂಗಳದೊಳಗೆ ಓಡುವವಳಿಗೆ ದಿಕ್ಕಿನ ಕಟ್ಟಿಲ್ಲ, ಉಸಿರಿನದೊಂದನ್ನು ಬಿಟ್ಟು. ಓಡುವವರ ಒಂದು ಬ್ಯಾಚ್ 3 ನಿಮಿಷ ದಾಟಿದರೆ ಅದು ‘ಡ್ರೀಮ್ ರನ್’, ಅಲ್ಲಿಂದ ಅಂಕ ಶುರು. ಕಡೆಯ ಸರದಿಯಲ್ಲಿ ತಿ.ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ.ಚೈತ್ರಾ ಇದ್ದ ಬ್ಯಾಚ್ ಕೈಗೆ ಸಿಗದೆ ಓಡಿದ್ದು 5 ನಿಮಿಷ 14 ಸೆಕೆಂಡು. ಬೆನ್ನಿಗೆ ಬೆರಳು ತಾಗಿತು ಅನ್ನುವಷ್ಟರಲ್ಲಿ ಸೊಂಟ ಒಲೆಸಿ, ಕುಳಿತವರ ಸಂದಿಯಲ್ಲಿ ಆಚೆ. ಭಾರತ 78–40. ಗಂಡಸರ ಫೈನಲ್‌ನಲ್ಲೂ ನೇಪಾಳವೇ ಎದುರಾಳಿ, 54–36. ಆ ತಂಡದಲ್ಲಿ ನಮ್ಮ ಎಂ.ಕೆ.ಗೌತಮ್. ಎರಡೂ ತಂಡಗಳ ನಾಯಕತ್ವ ಮಹಾರಾಷ್ಟ್ರದವರದು: ಪ್ರಿಯಾಂಕಾ ಇಂಗಳೆ, ಪ್ರತೀಕ್ ವಾಯ್ಕರ್. ಹೀಗಾಗಿ ಭೋಜದ ಅಭಿಮಾನಿಗೆ ಹೊಳೆಯ ಎರಡೂ ದಂಡೆಯಿಂದ ಸಂತೋಷ. ದ್ವಿಸ್ತರ ಅಸ್ಮಿತೆಗೆ ಅಂದು ಹಬ್ಬ.

ಆರ್ಥಿಕ ಮೀಮಾಂಸೆ: ಕರ್ನಾಟಕ ಸರ್ಕಾರ ಚೈತ್ರಾ, ಗೌತಮ್ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮೇಲಿನ ಓಟಕ್ಕೆ ಭಾಗಿಸಿದರೆ ಸೆಕೆಂಡಿಗೆ ಸುಮಾರು 1,592 ರೂಪಾಯಿ. ದರ ಬರೋಬ್ಬರಿ ಎಂದು ಯಾವುದಾದರೂ ಕಡತದಲ್ಲಿ ಷರಾ ಬೀಳಬಹುದು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಘೋಷಿಸಿದ್ದು ತಲಾ 2.25 ಕೋಟಿ, ಮೇಲೆ ಸರ್ಕಾರಿ ನೌಕರಿ. ನಲವತ್ತೈದು ಪಟ್ಟು. ನಮ್ಮವರಿಬ್ಬರೂ ಆ 5 ಲಕ್ಷ ಬೇಡವೆಂದರು.

ಇಲ್ಲಿಗೆ ನನ್ನ ಪರಿಭಾಷೆ ಮುಗಿಯಿತು. ಗೆದ್ದು ಬಂದ ಹುಡುಗಿ, ಕಪ್ಪಿನ ಹೊಳಪು ಮಾಸುವ ಮುಂಚೆ, ಪತ್ರಕರ್ತರ ಮುಂದೆ ಕುಳಿತು ತನಗೆ ಏನು ಸಲ್ಲಬೇಕೆಂದು ತಾನೇ ಹೇಳಿಕೊಳ್ಳಬೇಕೆ? ಇದಕ್ಕಿಂತ ನಾಚಿಕೆಗೇಡು ಏನಿದೆ? ‘ನಮ್ಮ ನೆಲದ ಆಟ’, ‘ಮಣ್ಣಿನ ಮಕ್ಕಳು’ ಎಂದು ಪ್ರತಿ ಕ್ರೀಡಾಕೂಟದ ಉದ್ಘಾಟನೆಯಲ್ಲಿ ಬಲೂನು ಹಾರಿಸಿ ಹೇಳುವವರೇ, 2024ರಲ್ಲಿ ಟಿ–20 ವಿಶ್ವಕಪ್ ಗೆದ್ದ ತಂಡಕ್ಕೆ ಕ್ರಿಕೆಟ್ ಮಂಡಳಿ 125 ಕೋಟಿ ಕೊಟ್ಟಾಗ ಚಪ್ಪಾಳೆ ಹೊಡೆದಿರಿ. ಮಂಡಳಿಯ ದುಡ್ಡು, ಮಂಡಳಿ ಕೊಟ್ಟಿತು, ಸರಿ. ಖೋ–ಖೋಗೆ ಅಷ್ಟು ದುಡ್ಡಿನ ಮಂಡಳಿ ಇಲ್ಲ, ನೆಚ್ಚುವುದು ಸರ್ಕಾರವನ್ನೇ. ಖೋ–ಖೋದಲ್ಲಿ ಕುಳಿತವನು ಬೆನ್ನಿಗೆ ಕೈ ತಾಗಿದೊಡನೆ ಏಳಬೇಕು. ನಮ್ಮ ಕಚೇರಿಗಳಲ್ಲಿ ಕುಳಿತವರು ಕಪ್ ತಂದು ಬೆನ್ನಿಗೆ ತಟ್ಟಿದರೂ ಏಳುವುದಿಲ್ಲ.

ಕ್ಷೇತ್ರಕಾರ್ಯದ ಕೊನೆಯ ಟಿಪ್ಪಣಿ. ಚಹಾದಂಗಡಿಯಲ್ಲಿ ಬಹುಮಾನದ ಈ ಲೆಕ್ಕ ಹೇಳಿದಾಗ ಕಾಕಾ ಒಬ್ಬರು ಬಶಿ ಕೆಳಗಿಟ್ಟು ಕೇಳಿದರು:

“ನಮ್ಮ ಮೊಮ್ಮಗಳೂ ಸಾಲ್ಯಾಗ ಖೋ–ಖೋ ಆಡತಾಳ್ರಿ ಸರ್. ಅಕಿ ಸ್ವಾದರಮಾವ ಗಡಿ ಆಚೆ ಇಚಲಕರಂಜ್ಯಾಗ ಅದಾನ. ಆಧಾರ ಕಾರ್ಡ ಅಲ್ಲೀದ ಮಾಡ್ಸಿ, ಅಲ್ಲೇ ಸಾಲಿಗೆ ಹಚ್ಚಲೇನ್ರಿ?”

ಕನ್ನಡದ ಅಸ್ಮಿತೆ, ಗಡಿ, ನೆಲ, ಜಲ ಎಲ್ಲ ಬಾಯಿತನಕ ಬಂದವು.

“ಹಚ್ಚರಿ ಕಾಕಾ,” ಅಂದೆ.