ತಾಮ್ರದ ಬಿಂದಿಗೆ: ಬಳಕೆದಾರರ ಕೈಪಿಡಿ (ಮುಂಬಯಿ ಆವೃತ್ತಿ)

ಮುಂಬಾದೇವಿ ಬಳಿಯ ತಾಂಬಾಕಾಂಟಾ ಪೇಟೆಯಲ್ಲಿ ಚೌಕಾಸಿ ಮಾಡಿ, ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ನೆಗ್ಗದಂತೆ ಬಿಂದಿಗೆಯನ್ನು ಡೊಂಬಿವಲಿ ಮುಟ್ಟಿಸಿದ ನಿಮಗೆ ಅಭಿನಂದನೆ. ಈ ಉಪಕರಣಕ್ಕೆ ಪ್ಲಗ್ ಇಲ್ಲ, ಹುಡುಕಬೇಡಿ.

1. ಪರೀಕ್ಷೆ: ಒಳಗೆ ಇಣುಕಿ. ಕೆಂಪಗಿದ್ದರೆ ನೀರಿಗೆ ಸರಿ. ಬೆಳ್ಳಗಿದ್ದರೆ ಅದು ಕಲಾಯಿ, ತವರದ ಲೇಪ. ಅಡುಗೆಗೆ ಅದೇ ಬೇಕು. ಆದರೆ ತಾಮ್ರವೂ ನೀರೂ ಮುಖ ನೋಡದ ಮೇಲೆ ರೋಗಾಣು ಸಾಯುವ ಮಾತೆಲ್ಲಿ?

2. ತುಂಬುವುದು: ಬೆಳಗ್ಗೆ ಆರಕ್ಕೆ ನಳದಲ್ಲಿ ನೀರು ಬಂದಾಗ ತುಂಬಿ, ಮುಚ್ಚಿಡಿ.

3. ಕಾಯುವುದು: ರಾತ್ರಿ ಹತ್ತರವರೆಗೆ. 2012ರಲ್ಲಿ ಬೆಂಗಳೂರಿನ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ ಕಾಲರಾ, ಟೈಫಾಯ್ಡ್, ಆಮಶಂಕೆಯ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿಟ್ಟಿದ್ದರು. 16 ಗಂಟೆಗಳ ಬಳಿಕ ಹುಡುಕಿದರೂ ಒಂದೂ ಸಿಗಲಿಲ್ಲ. ನೀರಿಗಿಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 2 ಮಿಲಿಗ್ರಾಮಿಗಿಂತ ಬಹಳ ಕೆಳಗೇ ಇತ್ತು. ಫಾಸ್ಟ್ ಲೋಕಲ್ ಹಿಡಿಯುವ ಅವಸರದಲ್ಲಿ, ತುಂಬಿದ ಹತ್ತೇ ನಿಮಿಷಕ್ಕೆ ಎರಡು ಲೋಟ ಏರಿಸಿ ಓಡುವವರಿಗೆ ಸಮಾಧಾನವೊಂದೇ ಲಾಭ.

4. ಹಾಕಬಾರದ್ದು: ಲಿಂಬೆ ಪಾನಕ, ಮಜ್ಜಿಗೆ, ಸೋಲ್‌ಕಡಿ, ಸಾರು. ಹುಳಿಗೆ ತಾಮ್ರ ಕರಗುತ್ತದೆ. ಹೊಟ್ಟೆ ತೊಳಸಿ ವಾಂತಿಯಾದೀತು. ಹಾಲಂತೂ ಬೇಡವೇ ಬೇಡ. ಹಿತ್ತಾಳೆಯಲ್ಲೂ ತಾಮ್ರವಿದೆ; ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿದ ಹಾಲಿಗೂ ಎಳೆಮಕ್ಕಳ ಯಕೃತ್ತಿನ ಮಾರಕ ಕಾಯಿಲೆಗೂ ನಂಟಿರುವುದನ್ನು 1980ರ ದಶಕದಲ್ಲಿ ಪುಣೆಯ ವೈದ್ಯರು ತೋರಿಸಿಕೊಟ್ಟರು. ಈ ಕಲಮಿನಲ್ಲಿ ತಮಾಷೆಯಿಲ್ಲ.

ದೋಷ ಮತ್ತು ಪರಿಹಾರ

ಒಳಗೆ ಹಸಿರು ಕಿಲುಬು: ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ, ಹುಳಿ ಉಳಿಯದಂತೆ ತೊಳೆಯಿರಿ. ಅಜ್ಜಿಯ ಕಾಲದ ಗುರುತೆಂದು ಕಾಪಾಡಬೇಡಿ.

ಹೊರಗೆ ಥಳಥಳ, ಒಳಗೆ ಕಪ್ಪು: ನೆಂಟರಿಗೆ ತೋರಿಸಬಹುದು, ಕುಡಿಸಬಾರದು.

ಮಳೆಗಾಲದಲ್ಲಿ ಕದಡಿದ ನೀರು: ಕೆಸರು ತಿಳಿಯಾಗಿಸುವುದು ತಾಮ್ರಕ್ಕೆ ಬಾರದು. ಸೋಸಿ, ಕುದಿಸಿ, ಆರಿಸಿ ಕುಡಿಯಿರಿ.

ಮಂಡಿನೋವು, ಮಧುಮೇಹ, ಬೊಕ್ಕತಲೆ: ವಾಟ್ಸಾಪ್ ಏನೇ ಹೇಳಲಿ, ಇವು ಬಿಂದಿಗೆಯ ಇಲಾಖೆಗೆ ಸೇರಿದವಲ್ಲ. ಡಾಕ್ಟರರನ್ನು ಕಾಣಿ.

ವಾರಂಟಿ: ಮೊಮ್ಮಕ್ಕಳ ಕಾಲದವರೆಗೆ. ಆದರೆ ಕಟ್ಟಡದ ಮೇಲಿನ ಟಾಂಕಿಯನ್ನು ಬಿಂದಿಗೆ ತೊಳೆಯುವುದಿಲ್ಲ. ಅದಕ್ಕೆ ಸೊಸೈಟಿಯ ಸೆಕ್ರೆಟರಿಯನ್ನೇ ಹಿಡಿಯಿರಿ, ಇವತ್ತೇ.