ಬ್ರ್ಯಾಂಡಣ್ಣ

ಬಳ್ಳಾರಿಯಲ್ಲಿ ಹೊಸ ಅಂಗಡಿ ಹಾಕುವವರು ಮೊದಲು ಜಾಗ ನೋಡುತ್ತಾರೆ, ಆಮೇಲೆ ಮುಹೂರ್ತ. ಇವೆರಡರ ನಡುವೆ ಎಲ್ಲಿಂದಲೋ ಬ್ರ್ಯಾಂಡಣ್ಣ ಬಂದು ಕೂತಿರುತ್ತಾನೆ. ಕೊರಳಲ್ಲಿ ಪೆನ್‌ಡ್ರೈವ್, ಕೈಯಲ್ಲಿ ಗಾಜು ಒಡೆದ ಮೊಬೈಲು, ಬಾಯಲ್ಲಿ ಒಂದೇ ಮಂತ್ರ: "ಅಣ್ಣ, ಬಂಡವಾಳ ಕಡಿಮಿ ಇದ್ರೂ ನಡೀತದ. ಬ್ರ್ಯಾಂಡ್ ಇಲ್ದಿದ್ರ ನಡ್ಯಲ್ಲ."

ಅವನ ಆಫೀಸೆಂದರೆ ಫ್ಲೆಕ್ಸ್ ಅಂಗಡಿಯ ಪ್ಲಾಸ್ಟಿಕ್ ಕುರ್ಚಿ. ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆಯಲ್ಲ ಎಂದು ಕೇಳಿದರೆ, "ಇದು ಫ್ಲೆಕ್ಸ್ ಅಲ್ಲಣ್ಣ, ಪ್ರಚಾರ ಸಾಮಗ್ರಿ" ಎಂದು ಮುಖ ಒರೆಸಿಕೊಳ್ಳುತ್ತಾನೆ.

ಹೆಸರಿಡುವುದು ಅವನಿಗೆ ಎರಡು ನಿಮಿಷದ ಕೆಲಸ. ಮುಂದೆ 'ಶ್ರೀ', ಹಿಂದೆ 'ವರ್ಲ್ಡ್', ನಡುವೆ ನಿಮ್ಮ ಮನೆದೇವರು. ಹತ್ತಡಿ ಅಗಲದ ಮಳಿಗೆಯೂ ಅವನ ಕೈಯಲ್ಲಿ ವರ್ಲ್ಡೇ. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂದಾಗ ಉಳಿದವರು ಬೆವತರು, ಬ್ರ್ಯಾಂಡಣ್ಣ ಬೆವರಲಿಲ್ಲ. 'ವರ್ಲ್ಡ್' ಅನ್ನು ಕನ್ನಡದಲ್ಲಿ ಬರೆದು ನೂರಕ್ಕೆ ನೂರು ತೆಗೆದುಕೊಂಡ.

ಲೋಗೋ ಇನ್ನೂ ಸಲೀಸು. ಪೆನ್‌ಡ್ರೈವಿನಲ್ಲಿ ಇರುವುದು ಒಂದೇ ಲೋಗೋ. ಕುರುಗೋಡಿನ ಹಾಲಿನ ಡೈರಿಗೆಂದು ಅಲ್ಲಿನ ದೊಡ್ಡಬಸವೇಶ್ವರನ ಏಕಶಿಲೆಯ ಬಸವನ ಫೋಟೊ ಹೊಡೆದುಕೊಂಡು ಬಂದಿದ್ದ. ಅದೇ ಬಸವನ ಸುತ್ತ ಎರಡು ಭತ್ತದ ತೆನೆ ಬಾಗಿಸಿ ಸಿರುಗುಪ್ಪದ ಅಕ್ಕಿ ಗಿರಣಿಗೆ ಕೊಟ್ಟ. ಮುಂದಿನ ವಾರ ಕೌಲ್ ಬಜಾರಿನ ಜೀನ್ಸ್ ಹೊಲಿಗೆಯ ಹುಡುಗ ಬಂದ. ಇಷ್ಟು ದಿನ ಪರ ಊರಿನ ಸೇಟು ಕಳಿಸಿದ ಲೇಬಲ್ಲನ್ನೇ ಹೊಲಿಯುತ್ತಿದ್ದವನಿಗೆ ಸ್ವಂತ ಹೆಸರು ಬೇಕಾಗಿತ್ತು. ಬ್ರ್ಯಾಂಡಣ್ಣ ಬಸವನಿಗೆ ನೀಲಿ ಬಳಿದ, ತೆನೆ ತೆಗೆಯುವುದನ್ನು ಮರೆತ. ಸೊಂಟಪಟ್ಟಿಯ ಮೇಲೆ ಭತ್ತ ಬೆಳೆದ ಪ್ಯಾಂಟುಗಳು ವಾಷಿಂಗ್ ಮುಗಿಸಿ ಮಾರ್ಕೆಟ್ಟಿಗೆ ಹೋದವು. "ಯಾಕಲೇ ಹಿಂಗ ಮಾಡ್ದಿ?" ಎಂದು ಹುಡುಗ ಜಗಳಕ್ಕೆ ಬಂದರೆ, "ಕಾಟನ್ನೂ ಹೊಲದಾಗ ಬೆಳಿಯೋದ ಅಲ್ಲೇನು? ಆರ್ಗ್ಯಾನಿಕ್ ಫೀಲ್ ಐತಿ, ಸುಮ್ನಿರು!"

ಟ್ರೇಡ್‌ಮಾರ್ಕ್ ಎಂದರೆ ಮಾತ್ರ ಅವನಿಗೆ ಅಲರ್ಜಿ. ಸಣ್ಣ ಉದ್ದಿಮೆಯವರು ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗದ ಸರಕಿಗೆ 4,500 ರೂಪಾಯಿ ಶುಲ್ಕ. ನೋಂದಣಿಯಾದರೆ ಹತ್ತು ವರ್ಷ ಹೆಸರು ನಿಮ್ಮದೇ. "ಅಷ್ಟು ದುಡ್ಡಿಗೆ ಮೂರು ಸರ್ಕಲ್ಲಿಗೆ ಬ್ಯಾನರ್ ಕಟ್ಟಬೌದು" ಎಂದು ಅವನೇ ಹೆಸರಿನ ತಲೆಯ ಮೇಲೆ ಆರ್ ಅಕ್ಷರಕ್ಕೊಂದು ಉಂಗುರ ತೊಡಿಸಿಬಿಡುತ್ತಾನೆ. ನೋಂದಣಿ ಆಗದೆ ಆ ಗುರುತು ಹಾಕುವುದು ಕಾನೂನಿಗೆ ವಿರುದ್ಧ ಎಂದು ಯಾರೋ ವಕೀಲರು ಹೆದರಿಸಿದ ಮೇಲೆ ಉಂಗುರ ಬಿಚ್ಚಿ 'ಟಿಎಂ' ಅಂಟಿಸಿದ. ಅದಕ್ಕೆ ನೋಂದಣಿ ಬೇಕಿಲ್ಲ. ಗಿರಾಕಿಗೆ ಮಾತ್ರ ಅದು ಅಪ್‌ಗ್ರೇಡ್ ಎಂದೇ ಹೇಳಿದ.

ಅವನ ವಿದ್ಯೆಗೆ ಸೋಲು ಎದುರಾದದ್ದು ಸಿರುಗುಪ್ಪದಲ್ಲಿ. 2017ರಲ್ಲಿ ಜಿಎಸ್‌ಟಿ ಬಂದಾಗ ನೋಂದಾಯಿತ ಬ್ರ್ಯಾಂಡಿನ ಪ್ಯಾಕೆಟ್ ಅಕ್ಕಿಗೆ ಶೇ. 5 ತೆರಿಗೆ, ಹೆಸರಿಲ್ಲದ ಅಕ್ಕಿಗೆ ಏನೂ ಇಲ್ಲ. ದೇಶದ ಉದ್ದಗಲಕ್ಕೂ ಅಕ್ಕಿ ವ್ಯಾಪಾರಿಗಳು ತಮ್ಮ ಹೆಸರನ್ನೇ ಬೇಡವೆನ್ನತೊಡಗಿದರು. 2022ರ ಜುಲೈಯಲ್ಲಿ ನಿಯಮ ತಿರುಗಿತು: ಬ್ರ್ಯಾಂಡ್ ಇರಲಿ ಬಿಡಲಿ, ಲೇಬಲ್ ಇರುವ 25 ಕಿಲೋವರೆಗಿನ ಚೀಲಕ್ಕೆಲ್ಲ ತೆರಿಗೆ. ಮರುದಿನದಿಂದಲೇ ಚೀಲ 26 ಕಿಲೋಗೆ ಉಬ್ಬಿತು. ಬ್ರ್ಯಾಂಡಣ್ಣ ಬಸವ, ತೆನೆ, ಚಿನ್ನದ ಅಂಚು ಎಲ್ಲ ತೋರಿಸಿ ಮುಗಿಸಿದ ಮೇಲೆ ಗಿರಣಿ ಸಾಹುಕಾರರು ಕೇಳಿದ್ದು ಒಂದೇ ಮಾತು: "ತಮ್ಮಾ, ಇಪ್ಪತ್ತಾರು ಅನ್ನೋದು ದೊಡ್ಡದಾಗಿ ಕಾಣತದೇನು?"

ಫೀಸಿನ ವಿಷಯದಲ್ಲಿ ಬ್ರ್ಯಾಂಡಣ್ಣ ಧಾರಾಳಿ. "ಫಸ್ಟ್ ಧಂದೆ ಹತ್ಲಿ, ಆಮ್ಯಾಲ ಕೊಡ್ರಿ" ಎನ್ನುತ್ತಾನೆ. ಹತ್ತಿದ ಮೇಲೆ ಯಾರೂ ಕೊಡುವುದಿಲ್ಲ. ಕೊಟ್ಟರೂ ಸರಕಿನ ರೂಪದಲ್ಲಿ. ಹಾಗಾಗಿ ಅವನು ತೊಡುವುದು ಭತ್ತದ ತೆನೆಯ ಪ್ಯಾಂಟು, ಕುಡಿಯುವುದು ಬಸವನ ಹಾಲು. ತಾನು ಹುಟ್ಟಿಸಿದ ಬ್ರ್ಯಾಂಡುಗಳ ಏಕೈಕ ನಿಷ್ಠಾವಂತ ಗಿರಾಕಿ ಅವನೇ.

ಮೊನ್ನೆ ತಂಗಿಯ ಮದುವೆಗೆ ಅಕ್ಕಿ ಕೊಳ್ಳಲು ಅಂಗಡಿಗೆ ಬಂದಿದ್ದ. ಚೀಲದ ಮೇಲೆ ಅವನದೇ ಬಸವ, ಅವನದೇ 'ನಂಬರ್ ಒನ್ ಕ್ವಾಲಿಟಿ'. ಅತ್ತ ಕಣ್ಣೂ ಹಾಯಿಸದೆ, ಹೊಲಿಗೆ ಬಿಚ್ಚಿಸಿ, ಒಂದು ಹಿಡಿ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡ. ನುಚ್ಚು ಎಷ್ಟಿದೆ ಎಂದು ಊದಿ ನೋಡಿದ. ನಾಲ್ಕು ಕಾಳು ಹಲ್ಲಿನಡಿ ಕಟುಮ್ಮನೆ ಕಡಿದ.

"ಚೀಲದ ಮ್ಯಾಲ ಎಲ್ಲಾ ಬರದದಲ್ಲ, ಓದ್ಕೊಳ್ರಿ" ಎಂದ ಅಂಗಡಿಯವ.

"ಬರದಾವ್ನು ನಾನ ಅಲ್ಲೇನ್ರಿ," ಎಂದ ಬ್ರ್ಯಾಂಡಣ್ಣ, "ಅದಕ್ಕ ನಂಬಿಕಿ ಇಲ್ಲ."