ಶಿಕ್ಷಣ ಇಲಾಖೆಯಲ್ಲಿ ಸುತ್ತೋಲೆ ಬರೆಯುವ ಮಹನೀಯರಿಗೆ

ವಿಷಯ: ಪರೀಕ್ಷೆ, ಗ್ರೇಡು, ತಪಾಸಣೆಗಳ ಬದಲಾವಣೆಯನ್ನು ಪೋಷಕರಿಗೆ ಅರ್ಥವಾಗದಂತೆ ತಿಳಿಯಪಡಿಸಿದ್ದಕ್ಕೆ ಕೃತಜ್ಞತೆ ಸಲ್ಲಿಸುವ ಬಗ್ಗೆ.
ಉಲ್ಲೇಖ: ತಮ್ಮ ಸುತ್ತೋಲೆ, ಮತ್ತು ಅದನ್ನು ಓದಿ ಮುಗಿಸುವಷ್ಟರಲ್ಲಿ ಬಂದ ಇನ್ನೊಂದು ಸುತ್ತೋಲೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಕಲಗೂಡು ತಾಲ್ಲೂಕಿನ ಪೋಷಕರ ಪರವಾಗಿ ತಮಗೆ ನಮಸ್ಕಾರ. ಮಳೆ ಯಾವಾಗ ಕೈಕೊಡುತ್ತದೆ, ಶುಂಠಿ ರೇಟು ಯಾವಾಗ ನೆಲ ಕಚ್ಚುತ್ತದೆ ಎಂಬುದನ್ನು ನಾವು ಹೇಗೋ ಅಂದಾಜು ಮಾಡುತ್ತೇವೆ. ಬರುವ ಮಾರ್ಚಿಗೆ ಮಗ ಪಾಸಾಗಲು ಎಷ್ಟು ಅಂಕ ಬೇಕು ಎಂಬ ಅಂದಾಜು ಮಾತ್ರ ಸಿಗುತ್ತಿಲ್ಲ. ಆ ಕುತೂಹಲವನ್ನು ವರ್ಷವರ್ಷವೂ ಕಾಪಾಡಿಕೊಂಡು ಬಂದ ಕೀರ್ತಿ ತಮ್ಮದು.

ಎಸ್ಸೆಸ್ಸೆಲ್ಸಿಯನ್ನೇ ನೋಡಿ. 2021ರಲ್ಲಿ ಕೋವಿಡ್ ಕಾರಣಕ್ಕೆ ಎರಡೇ ದಿನದ ಪರೀಕ್ಷೆ, ಸರಿಯುತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳು. ರಾಜ್ಯದಲ್ಲಿ ಶೇ 99.99 ಪಾಸು. 2023ರಲ್ಲಿ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೋ, ಅಥವಾ ಅಷ್ಟು ವರ್ಷ ಕೊಠಡಿಯೊಳಗೆ ಬೇರೆ ಯಾರೋ ಜಾಣರಿದ್ದರೋ, ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ನಿಂತಿತು. 2025ರಲ್ಲಿ ಆ ಕೃಪಾಂಕ ರದ್ದಾಯಿತು, ಶೇ 66.14. ಅದೇ ವರ್ಷದ ಅಕ್ಟೋಬರಿನಲ್ಲಿ ಪಾಸಿನ ಗೆರೆ 35ರಿಂದ 33ಕ್ಕೆ ಇಳಿಯಿತು. 625ಕ್ಕೆ 219 ಬೇಕಿದ್ದ ಕಡೆ ಈಗ 206 ಸಾಕು. ತಲೆ ತಾಗುತ್ತಿದ್ದರೆ ಬಾಗಿಲನ್ನು ಎತ್ತರಿಸುವುದೇ ಸರಿ, ಒಪ್ಪಿದೆ. ಆದರೆ ಫಲಿತಾಂಶ ಬಂದ ದಿನ ಹಿಂದಿನ ವರ್ಷಕ್ಕಿಂತ ಇಷ್ಟು ಹೆಚ್ಚು, ಅಷ್ಟು ಕಡಿಮೆ ಎಂದು ಲೆಕ್ಕ ಒಪ್ಪಿಸುತ್ತೀರಲ್ಲ, ಅಳತೆಗೋಲನ್ನೇ ಬದಲಿಸಿದ ಮೇಲೆ ಆ ಲೆಕ್ಕ ಯಾವ ಗಣಿತ ಎಂದು ನಮ್ಮ ಮಕ್ಕಳು ಕೇಳುತ್ತಾರೆ.

ಒಳ್ಳೆಯದನ್ನೂ ಮಾಡಿದ್ದೀರಿ. ಅದನ್ನು ಎಷ್ಟು ಗುಟ್ಟಾಗಿ ಮಾಡಿದ್ದೀರೆಂದರೆ, ಹಳ್ಳಿಗೆ ಸುದ್ದಿಯೇ ಮುಟ್ಟಿಲ್ಲ. 2024ರಲ್ಲಿ ವಾರ್ಷಿಕ, ಪೂರಕ ಎಂಬ ಭೇದ ಹೋಗಿ ಪರೀಕ್ಷೆ-1, 2, 3 ಬಂದವು. ಎಲ್ಲವನ್ನೂ ಬರೆಯಲೇಬೇಕೆಂದಿಲ್ಲ, ಬರೆದವುಗಳಲ್ಲಿ ಹೆಚ್ಚು ಬಂದ ಅಂಕವೇ ಉಳಿಯುತ್ತದೆ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಕೂರಬಹುದು. ಇಷ್ಟನ್ನು ನಾಲ್ಕು ಸಾಲಿನಲ್ಲಿ ಹೇಳಿದ್ದರೆ ಸಾಕಿತ್ತು. ಹೇಳದ್ದರಿಂದ ನಮ್ಮಲ್ಲಿ ಎರಡು ಪಕ್ಷಗಳಾಗಿವೆ. ಮತ್ತೆ ಮತ್ತೆ ಬರೆಸಿ ಮಕ್ಕಳನ್ನು ಗೋಳಾಡಿಸುತ್ತಾರೆ ಎನ್ನುವವರದು ಒಂದು. ಪರೀಕ್ಷೆ-2 ಎಂದರೆ ಫೇಲಾದವರ ಸಪ್ಲಿಮೆಂಟರಿ, ಮಾನ ಹೋಗುತ್ತದೆ, ಮಗಳನ್ನು ಕಳಿಸುವುದಿಲ್ಲ ಎನ್ನುವವರದು ಇನ್ನೊಂದು.

ಐದು, ಎಂಟು, ಒಂಬತ್ತನೇ ತರಗತಿಯ ಮಂಡಳಿ ಪರೀಕ್ಷೆಯ ಕಥೆಯಂತೂ ರೋಚಕ. 2024ರ ಮಾರ್ಚಿನಲ್ಲಿ ಶುರುವಾಗಿ, ನಡುವೆ ನಿಂತು, ಹೈಕೋರ್ಟು ಸರಿ ಎಂದ ಮೇಲೆ ಮುಗಿದು, ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ತಡೆಗೆ ಸಿಕ್ಕಿತು. ದೆಹಲಿಗೆ ಬಸ್ಸು ಯಾವುದೆಂದೂ ಗೊತ್ತಿಲ್ಲದ ಐದನೇ ತರಗತಿಯ ಹುಡುಗನ ಫಲಿತಾಂಶ ದೆಹಲಿಯವರೆಗೆ ಹೋಗಿ ಕೂತಿತು. ತೇರ್ಗಡೆಯಾದೆನೋ ಇಲ್ಲವೋ ಎಂದು ಅವನು ಕೇಳಿದಾಗ, ವಿಷಯ ನ್ಯಾಯಾಲಯದಲ್ಲಿದೆ ಎಂದು ಉತ್ತರಿಸುವ ಘನತೆ ನಮಗೂ ಒದಗಿತು.

ದೊಡ್ಡವರಿಗೂ ಗ್ರೇಡು ಹಾಕಿದ್ದೀರಿ, ಸಂತೋಷ. 2019ರಲ್ಲಿ ನಮ್ಮ ಹಾಸನ ಜಿಲ್ಲೆ ಶೇ 89.33 ಪಡೆದು ರಾಜ್ಯಕ್ಕೇ ಮೊದಲು ಬಂದಾಗ, ಓದಿ ಬರೆದ ಮಕ್ಕಳನ್ನು ಬಿಟ್ಟು ಮಿಕ್ಕೆಲ್ಲರ ನಡುವೆ ಶ್ರೇಯಸ್ಸು ಹಂಚಿಕೆಯ ಜಗ್ಗಾಟ ನಡೆಯಿತು. ಮರುವರ್ಷ ಜಿಲ್ಲೆಗಳಿಗೆ ಸ್ಥಾನ ಹೋಗಿ ಎ, ಬಿ, ಸಿ ಬಂತು. 2022ರಲ್ಲಿ 34 ಶೈಕ್ಷಣಿಕ ಜಿಲ್ಲೆಗಳಲ್ಲಿ 32ಕ್ಕೆ ಎ. 2023ರಲ್ಲಿ ಮತ್ತೆ ಸ್ಥಾನ; ಶೇ 96.68 ಪಡೆದ ಹಾಸನ ಮೂರನೆಯದು. ಕ್ಯಾಮೆರಾ ಬರುವುದಕ್ಕೆ ಹಿಂದಿನ ವರ್ಷ ಅದು.

ಗ್ರೇಡಿನ ವಿಷಯದಲ್ಲಿ ನಮ್ಮನ್ನು ಅನಕ್ಷರಸ್ಥರೆಂದು ಎಣಿಸಬೇಡಿ. ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಬೇಲ್‌ಗೆ ಲೋ ಗ್ರೇಡು ಎಂದರೆ ನಮ್ಮವರು ಸುಮ್ಮನೆ ಬರುವುದಿಲ್ಲ. ಎಲೆ ಎತ್ತಿ ಹಿಡಿದು, ಬಣ್ಣ ನೋಡಿ ಸ್ವಾಮಿ, ಇದು ಹೇಗೆ ಲೋ ಎಂದು ಪಟ್ಟು ಹಿಡಿಯುತ್ತಾರೆ. ಅದೇ ಮನುಷ್ಯ ಮಗಳ ಪ್ರಗತಿಪತ್ರದಲ್ಲಿ ‘ಬಿ’ ಕಂಡರೆ ತಲೆ ತಗ್ಗಿಸಿ ಸಹಿ ಹಾಕುತ್ತಾನೆ, ಮನೆಗೆ ಬಂದು ಮಗಳ ಮೇಲೆ ರೇಗುತ್ತಾನೆ. ಬೆಳೆದ ಎಲೆಯನ್ನು ಅವನು ಕಂಡಿದ್ದಾನೆ; ಮಗಳ ಉತ್ತರಪತ್ರಿಕೆಯನ್ನು ಕಂಡಿಲ್ಲ. 30ರಿಂದ 49ರವರೆಗೆ ಬಿ, 50ರಿಂದ 69ರವರೆಗೆ ಬಿ ಪ್ಲಸ್ ಎಂದು ಅವನಿಗೆ ಯಾರೂ ಹೇಳಿಲ್ಲ. 31 ಬಂದ ಮಗುವಿಗೂ 49 ಬಂದ ಮಗುವಿಗೂ ಒಂದೇ ಅಕ್ಷರ ಎಂಬುದು ತಿಳಿದರೆ, ಯಾವ ಪಾಠದಲ್ಲಿ ಎಡವಿದೆ ಎಂದು ಮೇಷ್ಟರನ್ನು ಕೇಳುವ ಧೈರ್ಯವಾದರೂ ಬಂದೀತು. ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮ ಇರುವುದೇ ಅದಕ್ಕೆ. ಅದನ್ನು ಕೂಲಿ ತಪ್ಪದ ದಿನ ಇಟ್ಟು, ಭಾಷಣ ಬಿಟ್ಟು, ಪತ್ರಿಕೆಯನ್ನು ಅಪ್ಪ ಅಮ್ಮನ ಕೈಗೆ ಕೊಡಿಸಿ.

ಇನ್ನು ತಪಾಸಣೆ. ಹಿಂದೆ ಇನ್ಸ್‌ಪೆಕ್ಟರು ಬರುತ್ತಾರೆಂದರೆ ಅಂಗಳ ಗುಡಿಸಿ, ಓದುವ ಹುಡುಗರನ್ನು ಮುಂದಿನ ಬೆಂಚಿಗೆ ತರುತ್ತಿದ್ದರು. ಈಗ ತಪಾಸಣೆ ಮೊಬೈಲಿನಲ್ಲೇ ಬಂದುಬಿಟ್ಟಿದೆ: ಹಾಜರಾತಿ, ಬಿಸಿಯೂಟ, ಮೊಟ್ಟೆ, ಫೋಟೊ, ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ತಂತ್ರಾಂಶ. ಮೇಷ್ಟರು ಅದನ್ನೆಲ್ಲ ತುಂಬುವಷ್ಟು ಹೊತ್ತು ಮಕ್ಕಳು ತಾವೇ ಪಾಠ ಓದಿಕೊಳ್ಳುತ್ತಾರೆ. ಅಷ್ಟೆಲ್ಲ ತುಂಬಿದ ಮೇಲೆ ನಮ್ಮ ಶಾಲೆಯ ಬಗ್ಗೆ ತಮಗೆ ತಿಳಿದದ್ದೇನು ಎಂಬುದನ್ನು ಶಾಲೆಯ ಗೋಡೆಯ ಮೇಲೆ ಬರೆದದ್ದನ್ನು ನಾನಂತೂ ಕಂಡಿಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರನ್ನು ಕೇಳಿದರೆ, ಸಹಿ ಹಾಕಿದ್ದೇವೆ ಎನ್ನುತ್ತಾರೆ.

ಆದ್ದರಿಂದ ನಮ್ಮ ಪ್ರಾರ್ಥನೆ ಇಷ್ಟೆ. ನಿಯಮ ಬದಲಾದಾಗ ಒಂದು ಪುಟ, ಅಂಗಡಿ ಮುಂದೆ ಕೂತು ಓದಬಹುದಾದ ಕನ್ನಡದಲ್ಲಿ. ತಪಾಸಣೆಯಲ್ಲಿ ಕಂಡದ್ದು ಶಾಲೆಯ ಫಲಕದ ಮೇಲೆ. ಮಗು ಓದಬಲ್ಲದೇ, ಭಾಗಾಕಾರ ಮಾಡಬಲ್ಲದೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ. ಇವುಗಳ ಆಧಾರದ ಮೇಲೆ ತಮ್ಮ ಸುತ್ತೋಲೆಗಳಿಗೂ ನಾವು ಗ್ರೇಡು ಹಾಕಿದ್ದೇವೆ, ‘ಸಿ’ ಬಂದಿದೆ. ಕೃಪಾಂಕ ರದ್ದಾಗಿರುವುದು ತಮಗೆ ಗೊತ್ತೇ ಇದೆ. ಆದರೂ ಎದೆಗುಂದಬೇಡಿ: ಪರೀಕ್ಷೆ-2 ಇದ್ದೇ ಇದೆ.

ಇಂತಿ ತಮ್ಮ ವಿಧೇಯ,
ಅರಕಲಗೂಡು ತಾಲ್ಲೂಕಿನ ಒಬ್ಬ ಪೋಷಕ